ಗೊಣಗಮ್ಮನಿಗೆ ಹೂಂಗುಟ್ಟಿದವರು

ನನ್ನದು ಗುಂಡಿ ಅಂಗಡಿ. ಗುಂಡಿ, ದಾರ, ಜಿಪ್ಪು, ಲೇಸು, ಎಲಾಸ್ಟಿಕ್ಕು, ಹುಕ್ಕು ಹೀಗೆ ಬಟ್ಟೆಯೊಂದನ್ನು ಬಿಟ್ಟು ಬಟ್ಟೆಗೆ ಬೇಕಾದದ್ದೆಲ್ಲ ಇಲ್ಲಿ ಸಿಗುತ್ತದೆ. ಅರ್ಧ ಆಯುಷ್ಯ ಇದೇ ಗಾಜಿನ ಕೌಂಟರಿನ ಹಿಂದೆ ಕಳೆದಿದ್ದೇನೆ. ಯಾರು ಕೊಳ್ಳುವವರು, ಯಾರು ಬರೀ ಬೆರಳಾಡಿಸಿ ಹೋಗುವವರು ಎಂಬುದನ್ನು ಗಿರಾಕಿ ಮೆಟ್ಟಿಲು ಹತ್ತುವಾಗಲೇ ಹೇಳಬಲ್ಲೆ. ಆದರೆ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಹೆಂಗಸು ಇವೆರಡರಲ್ಲಿ ಯಾವ ಬಗೆ ಎಂಬುದು ನನಗೆ ಈವತ್ತಿಗೂ ಬಗೆಹರಿದಿಲ್ಲ.

ಬೀದಿಯವರು ಅವಳನ್ನು ಗೊಣಗಮ್ಮ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ. ಅವಳೂ ಏನಾದರೂ ಬೇಕಿತ್ತೇನೋ ಎಂಬಂತೆ ತಿರುಗಿ ನೋಡುತ್ತಾಳೆ. ಬೇಜಾರು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಬೇಜಾರು ಮಾಡಿಕೊಳ್ಳಲು ಅವಳಿಗೆ ಪುರುಸೊತ್ತೂ ಇಲ್ಲ. ಅವಳ ಕೆಲಸ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದು. ಬರೆಯುವಾಗ ಬಾಯಿ ಸುಮ್ಮನಿರುವುದಿಲ್ಲ, ಅಷ್ಟೆ.

ಅವಳ ಮೂಗು ಕೌಂಟರಿನ ಮಟ್ಟಕ್ಕೆ ಬರುತ್ತಿದ್ದ ವಯಸ್ಸಿನಿಂದ ನಾನು ಅವಳನ್ನು ಬಲ್ಲೆ. ಅವಳ ತಾಯಿ ಹೊಲಿಗೆಯಮ್ಮ, ಎರಡು ಬೀದಿ ಆಚೆ. ಬಟ್ಟೆಯ ಚೂರೊಂದನ್ನು ಮಗಳ ಕೈಗೆ ಕೊಟ್ಟು, ಇದಕ್ಕೆ ಹೊಂದುವ ಗುಂಡಿ ತಾ ಎಂದು ಕಳಿಸುತ್ತಿದ್ದಳು. ಮಗಳು ಬಂದವಳು ಗುಂಡಿ ಕೇಳುವುದನ್ನೇ ಮರೆತು, ಉದುರಿದವು ಮಿಕ್ಕವು ಎಲ್ಲ ಕೂಡಿ ಬಿದ್ದಿದ್ದ ನನ್ನ ಕಲಬೆರಕೆ ಡಬ್ಬಿಗೆ ಕೈ ಹಾಕಿ ವಿಂಗಡಿಸತೊಡಗುತ್ತಿದ್ದಳು. ವಿಂಗಡಿಸುವಾಗ ಒಂದೇ ಸಮನೆ ಗೊಣಗಾಟ. "ಇದು ನಾಲ್ಕು ತೂತಿಂದು, ಈ ಕಡೆ. ಇದು ಎರಡು ತೂತಿಂದು, ಬಿಳಿ, ಆ ಕಡೆ. ಇದು ಎರಡು ತೂತಿಂದು, ಆದ್ರೆ ಬಿಳಿ ಅಲ್ಲ, ಹಾಗಾದ್ರೆ ಇದಕ್ಕೆ ಬೇರೆ ಜಾಗ."

"ಯಾರ ಹತ್ರ ಮಾತಾಡ್ತಿದ್ದೀಯೇ?" ಎಂದು ಕೇಳಿದ್ದೆ.

"ಯಾರ ಹತ್ರಾನೂ ಇಲ್ಲ. ಬಾಯಲ್ಲಿ ಹೇಳ್ಕೊಂಡ್ರೆ ಕೈ ತಪ್ಪಲ್ಲ."

ಪುಕ್ಕಟೆ ಕೆಲಸ ಮಾಡುವವರನ್ನು ಯಾವ ವ್ಯಾಪಾರಿಯೂ ತಡೆಯುವುದಿಲ್ಲ. ನಾನೂ ತಡೆಯಲಿಲ್ಲ.

ದೊಡ್ಡವಳಾದ ಮೇಲೆ ಕಂಪ್ಯೂಟರ್ ಕಲಿತು, ಊರಾಚೆ ಒಂದು ದೊಡ್ಡ ಆಫೀಸಿಗೆ ಸೇರಿದಳು. ಅಲ್ಲಿ ಒಂದೇ ಹಜಾರದಲ್ಲಿ ಸಾಲಾಗಿ ಮೇಜುಗಳು, ಎಲ್ಲರ ಕಿವಿಗೂ ಏನೋ ಸಿಕ್ಕಿಸಿಕೊಂಡಿರುತ್ತದೆಯಂತೆ, ಕೆಮ್ಮಿದರೂ ತಲೆಗಳು ತಿರುಗುತ್ತವೆಯಂತೆ. ಇವಳ ಗೊಣಗಾಟಕ್ಕೆ ದಿನಕ್ಕೊಂದು ದೂರು. ಬಾಯಿ ಮುಚ್ಚಿಕೊಂಡು ಬರೆದರೆ ಎಲ್ಲ ತಪ್ಪುತಪ್ಪು. ಬಾಯಿ ಬಿಟ್ಟರೆ ಪಕ್ಕದವರಿಗೆ ತಲೆನೋವು. ಕೊನೆಗೆ ಬಿಟ್ಟು ಬಂದು, ನನ್ನ ಮೇಲಿನ ಕೋಣೆ ಕೇಳಿದಳು.

"ಅಣ್ಣ, ಒಂದೇ ಪ್ರಶ್ನೆ. ಗೋಡೆ ದಪ್ಪ ಇದೆಯಾ?"

"ಬೀದಿಯಲ್ಲಿ ಲಾರಿ ಹೋದ್ರೂ ಮೇಲೆ ಕೇಳ್ಸಲ್ಲಮ್ಮ."

"ಅದಲ್ಲ. ಮೇಲಿನದ್ದು ಕೆಳಗೆ ಕೇಳ್ಸಬಾರ್ದು."

ಬಾಡಿಗೆ ಕುದುರಿತು. ಜೊತೆಗೆ ಕೆಲಸಕ್ಕೊಬ್ಬ ಯುವಕನನ್ನೂ ತಂದಳು. ಕೂದಲು ಹಿಂದಕ್ಕೆ ಕಟ್ಟಿಕೊಂಡಿದ್ದರಿಂದ ಅವನಿಗೆ ಜುಟ್ಟು ಎಂದೇ ಹೆಸರಾಯಿತು. ಇಬ್ಬರೂ ಸೇರಿ ಬಸ್ ಡಿಪೋದ ಕೆಲಸವೊಂದನ್ನು ಹಿಡಿದರು. ಯಾವ ಡ್ರೈವರು ಯಾವ ದಿನ ಯಾವ ಬಸ್ಸು ಓಡಿಸಬೇಕು, ಯಾರಿಗೆ ಯಾವತ್ತು ವಾರದ ರಜೆ, ಇವನ್ನೆಲ್ಲ ಹಿಂದೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಈಗ ಗೊಣಗಮ್ಮನ ಪ್ರೋಗ್ರಾಮು ಹೇಳುತ್ತದೆ. ಮೇಲಿನ ಕೋಣೆ ನಡೆಯುತ್ತಿದ್ದದ್ದೇ ಈ ಒಂದು ಕೆಲಸದಿಂದ.

ನಾನು ಇದರೊಳಗೆ ಸಿಕ್ಕಿಕೊಂಡ ಬಗೆಯನ್ನು ಈಗ ಹೇಳಬೇಕು.

ಒಂದು ಮಧ್ಯಾಹ್ನ ಅವಳು ಮೆಟ್ಟಿಲಿಳಿದು ಬಂದು, ಕೌಂಟರಿನ ಮುಂದಿನ ಸ್ಟೂಲ್ ಎಳೆದು ಕೂತು, "ಅಣ್ಣ, ಒಂದು ವಿಷಯ" ಎಂದಳು. ಬಾಡಿಗೆ ಇಳಿಸಲು ಪೀಠಿಕೆ ಇರಬೇಕೆಂದು ನಾನು ಮುಖ ಬಿಗಿ ಮಾಡಿದೆ. ಅವಳು ಬಾಡಿಗೆಯ ಮಾತೇ ಎತ್ತಲಿಲ್ಲ. ಕಲಬೆರಕೆ ಡಬ್ಬಿಯಿಂದ ಗುಂಡಿ ತೆಗೆದು ಗಾಜಿನ ಮೇಲೆ ಜೋಡಿಸುತ್ತ, ಇದು ಇಲ್ಲಿಂದ ಅಲ್ಲಿಗೆ ಹೋಗ್ಬೇಕು, ಹೋಗ್ತಿಲ್ಲ, ಯಾಕಂದ್ರೆ ಇದು ಕೇಳಿದಾಗ ಅದು ಇಲ್ಲ ಅನ್ನುತ್ತೆ, ಎಂದು ಏನೇನೋ ಹೇಳತೊಡಗಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಗಿರಾಕಿ ತನ್ನ ಸೊಸೆಯ ವಿಷಯ ಹೇಳುವಾಗ ಅನ್ನುವಂತೆ "ಹೂಂ" ಅಂದೆ. ಮತ್ತೆ ಹೇಳಿದಳು. ಮತ್ತೆ "ಹೂಂ" ಅಂದೆ. ನಡುವೆ ಒಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಗುಂಡಿಯನ್ನೇ ದಿಟ್ಟಿಸಿ, "ಅಯ್ಯೋ, ಅದಾ" ಎಂದು ಮೆಲ್ಲಗೆ ಹೇಳಿಕೊಂಡು ಎದ್ದು ಹೋದಳು. ಹೋಗುವಾಗ, "ತುಂಬ ಉಪಕಾರ ಆಯ್ತಣ್ಣ."

ನಾನು ಏನು ಕೊಟ್ಟೆ, ಅವಳು ಏನು ಕೊಂಡಳು? ವ್ಯಾಪಾರ ಆದದ್ದಂತೂ ಹೌದು. ಸರಕು ಯಾವುದು ಎಂಬುದೇ ತಿಳಿಯಲಿಲ್ಲ.

ಇದು ರೂಢಿಯಾಯಿತು. ಸಿಕ್ಕಿಹಾಕಿಕೊಂಡಾಗಲೆಲ್ಲ ಇಳಿದು ಬರುವಳು, ಹೇಳುವಳು, ಅರ್ಧದಲ್ಲಿ ಎದ್ದು ಹೋಗುವಳು. ಇಷ್ಟೊಂದು ಸಲ ಉಪಕಾರ ಆಯಿತು ಎಂದು ಹೇಳಿಸಿಕೊಂಡರೆ ಯಾವ ಗಂಡಸಾದರೂ ಸ್ವಲ್ಪ ಉಬ್ಬುತ್ತಾನೆ. ಒಂದು ಸಂಜೆ ಹೆಂಡತಿಯ ಮುಂದೆ, "ನನ್ನನ್ನ ಕೇಳ್ದೆ ಮೇಲೆ ಏನೂ ನಡೆಯಲ್ಲ" ಎಂದೆ.

"ನಿಮಗೆ ಫೋನಿನ ಗಂಟೆ ಸಣ್ಣದು ಮಾಡೋಕೇ ಬರಲ್ವಲ್ರೀ," ಎಂದಳು ಅವಳು. "ಅವಳಿಗೇನು ಹೇಳ್ಕೊಡ್ತೀರಿ?"

ಮಾತು ನಾಟಿತು. ಮರುದಿನ ಎದುರು ಸಾಲಿನ ಮೊಬೈಲ್ ರಿಪೇರಿಯವನ ಹತ್ತಿರ ಹೋಗಿ ಕೂತು, ಕಂಪ್ಯೂಟರ್ ಕೆಟ್ಟರೆ ಏನೇನು ಮಾಡುತ್ತಾರೆ ಎಂದು ಕೇಳಿ ತಿಳಿದುಕೊಂಡೆ. ಆಫ್ ಮಾಡಿ ಆನ್ ಮಾಡುವುದು, ವೈರಸ್ ಇದೆಯಾ ನೋಡುವುದು, ಅಪ್‌ಡೇಟ್ ಮಾಡುವುದು, ಪಾಸ್‌ವರ್ಡ್ ಬದಲಾಯಿಸುವುದು. ಅವನ ಇಡೀ ವಿದ್ಯೆ ಇಷ್ಟೇ ಎಂದು ಕಂಡಿತು. ಇಷ್ಟಕ್ಕೆ ಅವನು ಅಂಗಡಿ ಇಟ್ಟಿದ್ದಾನೆ ಅಂದರೆ ನಾನು ಸಲಹೆಯಾದರೂ ಕೊಡಬಹುದು.

ಅಷ್ಟರಲ್ಲಿ ಡಿಪೋದಲ್ಲಿ ಗಲಾಟೆ ಶುರುವಾಗಿತ್ತು. ಪ್ರೋಗ್ರಾಮು ಆಗಾಗ ಯಾರಾದರೊಬ್ಬ ಡ್ರೈವರಿನ ವಾರದ ರಜೆಯನ್ನು ನುಂಗಿಬಿಡುತ್ತಿತ್ತು. ಈ ವಾರ ಒಬ್ಬನದು, ಮುಂದಿನ ವಾರ ಇನ್ನೊಬ್ಬನದು, ಒಂದೊಂದು ವಾರ ಯಾರದೂ ಇಲ್ಲ. ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವನು ಮೀಸೆ ಡ್ರೈವರ್. ಅವನು ನನ್ನ ಅಂಗಡಿಗೇ ಬಂದು, ಮೇಲಕ್ಕೆ ಬೆರಳು ತೋರಿಸಿ, "ಸ್ವಾಮಿ, ಆ ಯಮ್ಮನ ಯಂತ್ರಕ್ಕೆ ನನ್ನ ಮೇಲೇನು ಹಗೆ? ಎರಡು ವಾರ ಆಯ್ತು ನಿದ್ದೆ ಮಾಡಿ. ಸ್ಟೇರಿಂಗ್ ಮೇಲೆ ಕಣ್ಣು ಮುಚ್ಚಿದ್ರೆ ನನ್ನ ಜೊತೆ ಐವತ್ತು ಜನ ಹೋಗ್ತಾರೆ" ಎಂದ.

ಗೊಣಗಮ್ಮ ಇದನ್ನು ಕೇಳಿ ಊಟ ಬಿಟ್ಟಳು. ಮೂರು ದಿನ ಹುಡುಕಿದರೂ ತಪ್ಪು ಸಿಗಲಿಲ್ಲ. ಇಳಿದು ಬಂದು ಸ್ಟೂಲಿನ ಮೇಲೆ ಕೂತು, "ಅಣ್ಣ, ಒಂದು ವಿಷಯ" ಎಂದಳು. ನಾನು ಸಿದ್ಧನಾಗಿಯೇ ಇದ್ದೆ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ಯಾ?"

ಅವಳು ತಬ್ಬಿಬ್ಬಾದಳು. "ಅಂಥದ್ದಲ್ಲಣ್ಣ ಇದು. ನೋಡಿ, ಈ ಕರಿ ಗುಂಡಿ ಡ್ಯೂಟಿ, ಈ ಬಿಳಿ ಗುಂಡಿ ರಜೆ..."

"ವೈರಸ್ ಇರ್ಬಹುದು."

"ಇಲ್ಲಣ್ಣ. ಡ್ಯೂಟಿ ಮುಗಿದ ಮಾರನೇ ದಿನ ರಜೆ ಅಂದ್ರೆ..."

"ಪಾಸ್‌ವರ್ಡ್?"

ಅವಳು ನನಗೆ ಪಾಸ್‌ವರ್ಡ್ ಯಾಕಲ್ಲ ಎಂದು ವಿವರಿಸುವುದರಲ್ಲಿ ತಾನು ಹೇಳಲು ಬಂದದ್ದು ಏನೆಂಬುದನ್ನೇ ಮರೆತಳು. ಗುಂಡಿಗಳನ್ನು ಡಬ್ಬಿಗೆ ಸುರಿದು, ಉಪಕಾರ ಎಂದೂ ಹೇಳದೆ ಎದ್ದು ಹೋದಳು. ಏನೂ ಹೇಳದಿದ್ದಾಗ ಉಪಕಾರವಾಗುತ್ತಿತ್ತು, ನಾಲ್ಕು ಮಾತು ಕಲಿತು ಹೇಳಿದರೆ ಇಲ್ಲ! ನನ್ನ ಸಲಹೆಯಲ್ಲಿ ಏನು ಕೊರತೆ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಮುಂದಿನದು ಇನ್ನೂ ವಿಚಿತ್ರ. ಅಂಗಡಿಯ ಬಾಗಿಲ ಬಳಿ ಲೇಸು ತೋರಿಸುವುದಕ್ಕೆಂದು ನಾನೊಂದು ಗೊಂಬೆ ನಿಲ್ಲಿಸಿದ್ದೇನೆ. ಮರದ ಕಂಬದ ಮೇಲೆ ಬರೀ ಮುಂಡ, ತಲೆಯಿಲ್ಲ, ಕೈಯಿಲ್ಲ. ಮರುದಿನದಿಂದ ಗೊಣಗಮ್ಮ ಇಳಿದು ಬಂದು ಆ ಗೊಂಬೆಯ ಮುಂದೆ ನಿಂತು ಮಾತಾಡತೊಡಗಿದಳು. ನಾನು ಎರಡು ಮಾರು ದೂರದಲ್ಲೇ ಕೂತಿದ್ದೆ. ನನ್ನನ್ನು ಬಿಟ್ಟು ತಲೆಯೇ ಇಲ್ಲದ್ದಕ್ಕೆ ವಿಷಯ ತಿಳಿಸುತ್ತಿದ್ದಳು.

ಮನೆಯಲ್ಲಿ ಇದನ್ನು ಹೇಳಿದೆ. ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ತಲೆ ಇರೋರನ್ನ ನೋಡಿ ಸಾಕಾಗಿರುತ್ತೆ ಬಿಡ್ರೀ."

ಪ್ರೋಗ್ರಾಮರುಗಳ ದಿನ ಬಂದದ್ದು ಇಂಥ ಹೊತ್ತಿನಲ್ಲಿ. ಹಾಗೊಂದು ದಿನ ಇದೆ ಎಂದು ನನಗೆ ಗೊತ್ತಾದದ್ದು, ಬೆಳಿಗ್ಗೆ ಬಣ್ಣದ ರಿಬ್ಬನ್ ಕೊಳ್ಳಲು ಜುಟ್ಟು ಬಂದಾಗ.

"ಏನಪ್ಪಾ, ಯಾರ ಮದುವೆ?"

"ಮದುವೆ ಅಲ್ಲ ಅಂಕಲ್. ಇವತ್ತು ಪ್ರೋಗ್ರಾಮರ್ಸ್ ಡೇ. ನಮ್ಮ ಕೆಲಸದವರ ದಿನ. ಸಾಯಂಕಾಲ ಮೇಲೆ ಕೇಕ್ ಕತ್ತರಿಸ್ತೀವಿ, ನೀವೂ ಆಂಟೀನೂ ಬರ್ಬೇಕು."

"ಇವತ್ತೇ ಯಾಕೆ?"

"ವರ್ಷದ ಇನ್ನೂರೈವತ್ತಾರನೇ ದಿನ ಅಲ್ವಾ?"

"ಆಗಿದ್ರೆ?"

"ಎರಡು, ನಾಲ್ಕು, ಎಂಟು, ಹದಿನಾರು ಅಂತ ಇಮ್ಮಡಿ ಮಾಡ್ತಾ ಹೋದ್ರೆ ಇನ್ನೂರೈವತ್ತಾರು ಬರುತ್ತೆ. ನಮ್ಮ ಕೆಲಸದಲ್ಲಿ ಅದು ಮುಖ್ಯ."

"ನಮ್ಮ ಕೆಲಸದಲ್ಲಿ ಗ್ರೋಸು ಮುಖ್ಯ. ಹನ್ನೆರಡು ಡಜನ್, ನೂರನಲವತ್ತನಾಲ್ಕು. ಅದಕ್ಕೆ ಯಾರೂ ಇದುವರೆಗೆ ಕೇಕ್ ಕತ್ತರಿಸಿಲ್ಲ."

"ನೀವು ಕತ್ತರಿಸಿ ಅಂಕಲ್, ಬೇಡ ಅಂದೋರ್ಯಾರು?" ಎಂದು ಜುಟ್ಟು ರಿಬ್ಬನ್ ಅಳೆಯುತ್ತ ಹೇಳಿದ. "ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಇರೋ ವರ್ಷ ನಮ್ಮ ದಿನ ಒಂದು ತಾರೀಖು ಹಿಂದಕ್ಕೆ ಹೋಗುತ್ತೆ. ಮತ್ತೆ ನಮ್ಮಲ್ಲಿ ಎಷ್ಟೋ ಜನ ಒಂದರಿಂದ ಎಣಿಸಲ್ಲ, ಸೊನ್ನೆಯಿಂದ ಎಣಿಸ್ತಾರೆ. ಅವರ ಲೆಕ್ಕಕ್ಕೆ ನಾಳೆ."

"ನಾನು ಗುಂಡೀನ ಸೊನ್ನೆಯಿಂದ ಎಣಿಸಿ ಕೊಟ್ರೆ ಡಜನ್ನಿಗೊಂದು ಕೈಬಿಡುತ್ತೆ ಕಣಪ್ಪಾ."

ತಮ್ಮ ದಿನ ಇವತ್ತೋ ನಾಳೆಯೋ ಎಂದು ತಮಗೇ ಖಚಿತವಿಲ್ಲದವರ ಕೈಗೆ ಡಿಪೋದವರು ಎಲ್ಲ ದಿನಗಳನ್ನೂ ಒಪ್ಪಿಸಿದ್ದಾರಲ್ಲ ಎಂದು ನನಗನಿಸಿತು. ಆದರೆ ಜುಟ್ಟಿನ ಮುಖದಲ್ಲಿ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೇಕಿಗೆಂದು ಡಿಪೋ ಸಾಹೇಬರನ್ನೂ ಹಿಂದೆಯೇ ಕರೆದಿದ್ದರಂತೆ. ಅವರು ಬರುತ್ತೇನೆ ಎಂದಿದ್ದರು. ಆದರೆ ನಿನ್ನೆ ಫೋನ್ ಮಾಡಿ, ಬರುವಷ್ಟರಲ್ಲಿ ರಜೆಯ ತಪ್ಪು ಸರಿಹೋಗಿರಬೇಕು, ಇಲ್ಲದಿದ್ದರೆ ನಾಳೆಯಿಂದ ಮತ್ತೆ ಕಪ್ಪು ಹಲಗೆ ಎಂದು ಹೇಳಿದ್ದರು.

"ಕೆಲಸ ಹೋದ್ರೆ?" ಎಂದೆ.

"ನಾನು ಎಲ್ಲಾದ್ರೂ ಸೇರ್ಕೋತೀನಿ ಅಂಕಲ್. ಮೇಡಂ ವಾಪಸ್ ಆ ದೊಡ್ಡ ಆಫೀಸಿಗೇ ಹೋಗ್ಬೇಕು. ಬಾಯಿ ಮುಚ್ಕೊಂಡು."

ಕೋಣೆಗೆ ಬೇರೆ ಬಾಡಿಗೆದಾರರು ಸಿಗುತ್ತಾರೆ, ಅದೇನೂ ನನಗೆ ಚಿಂತೆಯಾಗಿರಲಿಲ್ಲ. ಆದರೆ ಮೂಗು ಕೌಂಟರಿಗೆ ಬರುತ್ತಿದ್ದ ಆ ಹುಡುಗಿಯನ್ನು ಬಾಯಿ ಮುಚ್ಚಿಸಿ ಕೂರಿಸಿದ ಚಿತ್ರ ಕಣ್ಣಿಗೆ ಕಟ್ಟಿ, ರಿಬ್ಬನ್ನನ್ನು ಒಂದು ಗೇಣು ಹೆಚ್ಚೇ ಕತ್ತರಿಸಿಬಿಟ್ಟೆ.

ಮಧ್ಯಾಹ್ನ ಊಟದ ಹೊತ್ತು. ಬೀದಿ ಖಾಲಿ. ಹೊಸ ಲೇಸು ಬಂದಿತ್ತು, ಗೊಂಬೆಗೆ ತೊಡಿಸೋಣವೆಂದು ಅದನ್ನು ಕೌಂಟರಿನ ಪಕ್ಕಕ್ಕೆ ಎಳೆದುಕೊಂಡೆ. ನಮ್ಮಲ್ಲಿ ಇದಕ್ಕೊಂದು ಕ್ರಮವಿದೆ. ಎರಡೂ ಕೈ ಲೇಸಿನ ಮೇಲೆ ಇರಬೇಕು, ಗುಂಡುಸೂಜಿ ಬಾಯಲ್ಲಿರಬೇಕು. ತುಟಿಗಳ ನಡುವೆ ಒಂದು ಹಿಡಿ ಸೂಜಿ ಕಚ್ಚಿಕೊಂಡು, ಗೊಂಬೆಯ ಬೆನ್ನ ಹಿಂದೆ ಮೊಣಕಾಲೂರಿ ಕೂತಿದ್ದೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಗೊಣಗಮ್ಮ ಬಂದು ಗೊಂಬೆಯ ಮುಂದೆ ನಿಂತಳು. ನಾನು ಅವಳಿಗೆ ಕಾಣುತ್ತಿರಲಿಲ್ಲ.

"ಇನ್ನೊಂದ್ಸಲ ಮೊದಲಿಂದ ಹೇಳ್ತೀನಿ," ಎಂದು ಗೊಂಬೆಗೆ ಹೇಳಿದಳು. ದನಿ ಒಣಗಿತ್ತು. "ಡ್ಯೂಟಿ ಇದ್ದ ದಿನ ರಜೆ ಕೊಡಬಾರ್ದು. ಇದು ನಿಯಮ. ಸರಿನಾ?"

"ಹೂಂ," ಎಂದೆ ನಾನು, ಅಭ್ಯಾಸಬಲದಿಂದ.

ಗೊಂಬೆಯ ಕಡೆಯಿಂದ ಉತ್ತರ ಬಂದದ್ದಕ್ಕೆ ಅವಳು ಬೆಚ್ಚಿ ಹಿಂದೆ ಸರಿದಳು. ಆಮೇಲೆ ಬಗ್ಗಿ ನೋಡಿದಳು. ನಾನು ಸೂಜಿ ಕಚ್ಚಿಕೊಂಡೇ ನೋಡಿದೆ.

"ಬಾಯಲ್ಲಿ ಸೂಜಿನಾ ಅಣ್ಣ?"

"ಹೂಂ."

"ತೆಗೀಬೇಡಿ," ಎಂದು ಅವಳು ಸ್ಟೂಲ್ ಎಳೆದುಕೊಂಡಳು.

ನನ್ನ ಕೌಂಟರಿನ ಮೇಲೆ ಇಡೀ ಗಾಜಿಲ್ಲ. ಎರಡು ಗಾಜು ಜೋಡಿಸಿ ಹಾಕಿದ್ದೇನೆ, ನಡುವೆ ಒಂದು ಸಂದಿ. ಅವಳು ಎಡಗಾಜಿನ ಮೇಲೆ ಒಂದು ಕರಿ ಗುಂಡಿ ಇಟ್ಟಳು. ಕೋಟಿಗೆ ಹಾಕುವ ದೊಡ್ಡ ಗುಂಡಿ ಅದು. ಬಲಗಾಜಿನ ಮೇಲೆ ಒಂದು ಬಿಳಿ ಗುಂಡಿ.

"ಇದು ಇವತ್ತು, ಇದು ನಾಳೆ. ಇವತ್ತು ಮೀಸೆಯವರಿಗೆ ಡ್ಯೂಟಿ, ಕೊನೇ ಬಸ್ಸು. ನಾಳೆ ಅವರಿಗೆ ರಜೆ. ಇದ್ರಲ್ಲಿ ತಪ್ಪೇನಿದೆ?"

"ಉಹೂಂ." ಅಪ್‌ಡೇಟ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದರಾಚೆ ಸೂಜಿಗಳಿದ್ದವು.

"ಕೊನೇ ಬಸ್ಸು ರಾತ್ರಿ ಹನ್ನೆರಡಕ್ಕೆ ಮುಂಚೆ ಡಿಪೋ ಸೇರುತ್ತೆ. ವೇಳಾಪಟ್ಟೀಲಿ ಹಾಗೇ ಇದೆ. ಬಸ್ಸು ಬಂತು," ಎಂದು ಕರಿ ಗುಂಡಿಯನ್ನು ಬಲಕ್ಕೆ ಜರುಗಿಸಿದಳು, "ಡ್ರೈವರು ಇಳಿದ್ರು, ಡಿಪೋ ಕಂಪ್ಯೂಟರಲ್ಲಿ ಬಂದ್ವಿ ಅಂತ ಒತ್ತಿದ್ರು, ಮನೆಗೆ..."

ಗುಂಡಿ ದೊಡ್ಡದು. ಅರ್ಧ ಎಡಗಾಜಿನ ಮೇಲೆ, ಅರ್ಧ ಬಲಗಾಜಿನ ಮೇಲೆ, ಸಂದಿಯ ನಟ್ಟನಡುವೆ ನಿಂತಿತು. ಅವಳ ಬೆರಳೂ ಅದರ ಮೇಲೇ ನಿಂತಿತು. ಆಮೇಲೆ ತೀರ ಮೆಲ್ಲಗೆ, "ಬಸ್ಸು ತಡವಾದ್ರೆ?" ಎಂದಳು.

ನನ್ನನ್ನು ಕೇಳಿದಳೋ, ಗೊಂಬೆಯನ್ನೋ, ಗುಂಡಿಯನ್ನೋ? ಯಾವುದಕ್ಕೂ ಇರಲಿ ಎಂದು "ಹೂಂ" ಅಂದೆ.

"ತಡವಾದ್ರೆ ಹನ್ನೆರಡು ದಾಟುತ್ತೆ. ದಾಟಿದ ಮೇಲೆ ಒತ್ತಿದ್ರೆ ತಾರೀಖು ನಾಳೇದು ಬೀಳುತ್ತೆ. ನಾಳೇನೂ ಡ್ಯೂಟೀಲಿ ಇದ್ದ ಹಾಗೆ ಲೆಕ್ಕ. ಡ್ಯೂಟಿ ಇದ್ದ ದಿನ ರಜೆ ಕೊಡಬಾರ್ದು..." ಮಾತು ಅಲ್ಲಿಗೇ ನಿಂತಿತು. ಎದ್ದ ರಭಸಕ್ಕೆ ಸ್ಟೂಲ್ ಉರುಳಿತು. ಮೆಟ್ಟಿಲ ಮೇಲಿನಿಂದ ಅವಳ ದನಿ ಕೇಳಿಸಿತು: "ತುಂಬ ಉಪಕಾರ ಆಯ್ತಣ್ಣ."

ಸೂಜಿಗಳನ್ನು ಅಂಗೈಗೆ ಉಗುಳಿ, ಸಂದಿಯ ಮೇಲೆ ಕೂತಿದ್ದ ಗುಂಡಿಯನ್ನು ಬಹಳ ಹೊತ್ತು ನೋಡಿದೆ. ಬಸ್ಸು ತಡವಾಗುತ್ತದೆ ಎಂಬುದು ನಮ್ಮ ಬೀದಿಯ ನಾಯಿಗೂ ಗೊತ್ತು. ಇಷ್ಟನ್ನು ತಿಳಿಯಲು ಅಷ್ಟು ಓದಿದವರಿಗೆ ಗೊಂಬೆ, ಗುಂಡಿ, ನಾನು, ಸೂಜಿ ಇಷ್ಟೂ ಯಾಕೆ ಬೇಕಾಯಿತು? ಮೊದಲೇ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನಲ್ಲ. ಆಮೇಲೆ ನೆನಪಾಯಿತು, ಕೇಳಿದ್ದಳು. ನಾನು ವೈರಸ್ ಎಂದಿದ್ದೆ.

ಸಾಯಂಕಾಲ ಹೆಂಡತಿಯನ್ನು ಕರೆದುಕೊಂಡು ಮೇಲೆ ಹೋದೆ. ನನ್ನದೇ ಕೋಣೆ, ಆದರೂ ಗುರುತು ಹತ್ತಲಿಲ್ಲ. ಕಿಟಕಿಗೆ ನನ್ನ ರಿಬ್ಬನ್ನು, ನೆಲದ ತುಂಬ ವೈರು, ಮೇಜಿನ ಮೇಲೆ 256 ಎಂದು ಬರೆದ ಕೇಕು. ಹೊಲಿಗೆಯಮ್ಮ ಕುರ್ಚಿಯಲ್ಲಿ ಕೂತು ಮಗಳ ತೋಳಿನ ಬಿಚ್ಚಿದ ಹೊಲಿಗೆಯನ್ನು ಅಲ್ಲೇ ಹಾಕುತ್ತಿದ್ದಳು. ಡಿಪೋ ಸಾಹೇಬರು ಬಂದಿದ್ದರು. ಮೀಸೆ ಡ್ರೈವರನ್ನೂ ಸಾಕ್ಷಿಗೆಂಬಂತೆ ಕರೆತಂದಿದ್ದರು.

"ಕೇಕ್ ಆಮೇಲೆ," ಎಂದರು ಸಾಹೇಬರು. "ಮೊದಲು ತೋರ್ಸಿ."

ಗೊಣಗಮ್ಮ ಪರದೆಯ ಮುಂದೆ ಕೂತಳು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಕಳೆದ ವಾರ ಬಸ್ಸು ತಡವಾಗಿ ಬಂದಿದ್ದ ರಾತ್ರಿಯನ್ನು ಮತ್ತೆ ಪ್ರೋಗ್ರಾಮಿಗೆ ಉಣಿಸಿದಳು. ಎಲ್ಲರೂ ಬಗ್ಗಿದರು. ನಾನೂ ಬಗ್ಗಿದೆ, ನನಗೆ ಕಂಡದ್ದು ಚೌಕಗಳು.

ಮೀಸೆ ಡ್ರೈವರು ಒಂದು ಚೌಕದ ಮೇಲೆ ಬೆರಳಿಟ್ಟ. "ಇಲ್ಲಿ ರಜೆ ಅಂತ ಇದೆ."

"ಹೌದು," ಎಂದಳು ಅವಳು.

"ಇದು ನಂದೇನಾ?"

"ನಿಮ್ದೇ. ಕಳೆದ ಎರಡು ವಾರದ್ದೂ ವಾಪಸ್ ಸಿಗುತ್ತೆ. ನಾಳೆ, ನಾಡಿದ್ದು."

"ಹಾಗಾದ್ರೆ ನಾನು ಈಗ್ಲೇ ಹೊರಟೆ," ಎಂದು ಅವನು ಕೇಕಿಗೂ ಕಾಯದೆ ಮಲಗಲು ಹೋದ.

ಸಾಹೇಬರು ಇನ್ನೆರಡು ತಡವಾದ ರಾತ್ರಿಗಳನ್ನು ಕೇಳಿದರು, ನೋಡಿದರು, ಗಲ್ಲ ಸವರಿಕೊಂಡರು. "ಆಯ್ತು. ಹಲಗೆ ಒರೆಸಿ ಇಟ್ಟಿದ್ದೆ, ಅದನ್ನ ಮತ್ತೆ ಗೋಡೌನಿಗೆ ಹಾಕಿಸ್ತೀನಿ. ಕೆಲಸ ನಿಮ್ಮ ಹತ್ರಾನೇ ಇರ್ಲಿ. ತಪ್ಪು ಹಿಡಿದೋರು ಯಾರು?"

ಗೊಣಗಮ್ಮ ನನ್ನ ಕಡೆ ಕೈ ತೋರಿಸಿದಳು. "ನಮ್ಮ ಗುಂಡಿ ಅಂಗಡಿ ಅಣ್ಣ ಇದ್ದಿದ್ದಕ್ಕೆ ಸಿಕ್ತು. ಏನೂ ಹೇಳ್ಲಿಲ್ಲ ಅವರು. ಅದಕ್ಕೇ ಸಿಕ್ತು." ಎಂದವಳೇ ಕೇಕಿನ ಮೊದಲ ತುಂಡನ್ನು ತಟ್ಟೆಯಲ್ಲಿಟ್ಟು ತಂದು ನನ್ನ ಕೈಗೆ ಕೊಟ್ಟಳು. ಅದರ ಮೇಲೆ 2 ಎಂಬ ಅಂಕಿ ಇತ್ತು.

"ಸುಮ್ನಿದ್ದಿದ್ದಕ್ಕೆ ನಿಮಗೆ ಸನ್ಮಾನ ಆಗೋದನ್ನ ನೋಡ್ತೀನಿ ಅಂತ ನಾನು ಅಂದ್ಕೊಂಡಿರ್ಲಿಲ್ಲ ಕಣ್ರೀ," ಎಂದು ಹೆಂಡತಿ ಕಿವಿಯಲ್ಲಿ ಹೇಳಿದಳು. "ಮನೇಲೂ ಒಂದು ಡಬ್ಬಿ ಸೂಜಿ ತಂದಿಡಿ."

ಸಾಹೇಬರು ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದರು. ನನ್ನನ್ನು ಯಾವುದೋ ಮರೆಯಲ್ಲಿರುವ ಪಂಡಿತ ಎಂದುಕೊಂಡಿದ್ದರು ಅಂತ ತೋರುತ್ತದೆ. "ನೀವೇ ಹೇಳಿ ಸ್ವಾಮಿ, ನಿಜವಾಗಿ ಏನಾಗಿತ್ತು?"

ನನಗೆ ಗೊತ್ತಿದ್ದುದನ್ನೆಲ್ಲ ಒಟ್ಟುಗೂಡಿಸಿ ನೋಡಿದೆ. ಬಾಯಲ್ಲಿ ಕೇಕ್ ಬೇರೆ ಇತ್ತು. "ಹೂಂ," ಎಂದೆ.

"ಅದೇ ಮತ್ತೆ. ನಮ್ಮಲ್ಲಿ ಇನ್ನೊಂದು ತೊಂದರೆ ಇದೆ ನೋಡಿ. ಬೆಳಿಗ್ಗೆ ಬಸ್ಸುಗಳು ಒಂದರ ಹಿಂದೆ ಒಂದು ಗೇಟಲ್ಲೇ ಸಿಕ್ಕಾಕೊಳ್ತಾವೆ. ಗೇಟು ಅಗಲ ಮಾಡಿಸ್ದೆ, ಕಾವಲಿನವನನ್ನ ಬದಲಾಯಿಸ್ದೆ, ಆದ್ರೂ ತಪ್ಪಲಿಲ್ಲ."

"ಹೂಂ."

"ಡೀಸೆಲ್ ಹಾಕಿಸ್ಕೊಂಡೇ ಹೊರಡ್ಬೇಕು ಅಂತ ರೂಲು ಮಾಡಿದ್ದು ನಾನೇ. ಎಲ್ಲರೂ ಬೆಳಿಗ್ಗೇನೇ ಡೀಸೆಲಿಗೆ ನಿಲ್ತಾರೆ, ಆ ಸಾಲು ಬೆಳೆದು ಗೇಟಿಗೆ..."

ಅವರು ಮಾತು ನಿಲ್ಲಿಸಿದರು. ಕೈಯಲ್ಲಿದ್ದ ಕೇಕನ್ನೇ ದಿಟ್ಟಿಸಿದರು. ತಟ್ಟೆಯನ್ನು ನನ್ನ ಕೈಗಿಟ್ಟು, "ತುಂಬ ಉಪಕಾರ ಆಯ್ತು" ಎನ್ನುತ್ತ, ಫೋನನ್ನು ಕಿವಿಗೆ ಹಚ್ಚಿಕೊಂಡು ಮೆಟ್ಟಿಲಿಳಿದು ಹೋದರು.

ಹೆಂಡತಿ ನನ್ನ ಮುಖ ನೋಡಿದಳು. "ಅವರಿಗೇನು ಮಾಡಿದ್ರೀ?"

"ನನಗೇನು ಗೊತ್ತೇ?" ಎಂದೆ. ನನ್ನ ಎರಡೂ ಕೈಯಲ್ಲಿ ಒಂದೊಂದು ತಟ್ಟೆ ಇತ್ತು.